ಎಂಟು ದನಿಗಳ ಬಟ್ಟಲು

ಈ ಕಾಫಿ ಆರಿಹೋದರೆ ಆರಿಹೋಗಲಿ. ಹೇಳಬೇಕಾದ್ದೆಲ್ಲ ಹೇಳಿ ಮುಗಿಸುವವರೆಗೆ ಕೊನೆಯ ಗುಟುಕನ್ನು ನಾನು ಕುಡಿಯುವುದಿಲ್ಲ. ಮಧ್ಯಾಹ್ನ ಎರಡು ಗಂಟೆಯಾಗಿದೆ, ಬಾಗಿಲಿಗೆ ಅಗುಳಿ ಹಾಕಿದ್ದೇನೆ. ಎದುರಿಗೆ ನನ್ನ ಅಣ್ಣನ ಮಗಳು ಲಮ್ಯಾ ಕೂತಿದ್ದಾಳೆ. ಹತ್ತೊಂಬತ್ತರ ಹುಡುಗಿ, ಅಪ್ಪನ ಹಾಗೆಯೇ ಉಗುರು ಕಚ್ಚುವ ಚಟ. ನಡುವೆ ಏನೂ ಕೇಳಬೇಡ ಎಂದು ಅವಳಿಗೆ ಹೇಳಿದ್ದೇನೆ. ಸಿಟ್ಟು ಬಂದರೆ ನನ್ನ ಮಾತು ಎಲ್ಲಿಂದೆಲ್ಲಿಗೋ ಹೋಗಿಬಿಡುತ್ತದೆ. ನನಗೆ ಸಿಟ್ಟು ಬಂದು ಹದಿನಾಲ್ಕು ವರ್ಷವಾಯಿತು, ಇನ್ನೂ ಇಳಿದಿಲ್ಲ.

ನಮ್ಮೂರಿನಲ್ಲಿ ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ ಕಾಫಿ ಕುಡಿಯುತ್ತಾ ಆಡಿದ ಮಾತು ಆ ಬಟ್ಟಲಿನಲ್ಲೇ ಉಳಿಯುತ್ತದೆ. ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೆ ಕುಡಿದವರು ಏನು ಹೇಳಿದರೋ ಅಷ್ಟು. ತಳದ ಚರಟ ಒಣಗಿದ ಮೇಲೆ ಕಿವಿಗಿಟ್ಟುಕೊಂಡರೆ ಕೇಳುತ್ತದೆ, ನೀರು ತಾಗಿದರೆ ಅಳಿಸಿಹೋಗುತ್ತದೆ. ಪರ ಊರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದು ಪಾತ್ರೆ ತೊಳೆಯುವವರ ತಲೆನೋವು, ಅಷ್ಟೇ. ಸೊಸೆಯಂದಿರು ಅತ್ತೆಯ ಬಟ್ಟಲನ್ನು ನೀರಿಗೆ ಹಾಕುವ ಮೊದಲು ಒಮ್ಮೆ ಕಿವಿಗಿಟ್ಟು ನೋಡುತ್ತಾರೆ. ಗಂಡಸರು ಗುಟ್ಟಿನ ಮಾತಿದ್ದರೆ ಬಟ್ಟಲು ಖಾಲಿ ಮಾಡಿ ಪಕ್ಕಕ್ಕಿಟ್ಟು ಆಮೇಲೆ ಬಾಯಿ ತೆರೆಯುತ್ತಾರೆ. ಹೆಣ್ಣು ಕೊಡುವಾಗ, ಜಗಳ ಮುಗಿಸುವಾಗ, ಯಾವುದಾದರೂ ದೊಡ್ಡ ಕೆಲಸಕ್ಕೆ ಕೈ ಹಾಕುವಾಗ ಒಂದೇ ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ. ಒಬ್ಬೊಬ್ಬರೂ ಒಂದು ಗುಟುಕು ಕುಡಿದು ತಮ್ಮ ಮಾತು ಹೇಳುತ್ತಾರೆ. ಅದು ಮಾತಿನ ಬಟ್ಟಲು. ಅದನ್ನು ತೊಳೆಯುವ ಹಾಗಿಲ್ಲ. ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಡುತ್ತಾರೆ. ನ್ಯಾಯಾಲಯದಲ್ಲಿ ಕಾಗದಕ್ಕಿಂತ ಅದಕ್ಕೇ ಹೆಚ್ಚು ಬೆಲೆಯಿತ್ತು.

ಒಂದು ಸಂದರ್ಭದಲ್ಲಿ ಮಾತ್ರ ಎಂಥ ಬಟ್ಟಲನ್ನಾದರೂ ತೊಳೆಯಲೇಬೇಕು. ಯಾರಾದರೂ ಸತ್ತರೆ, ಅವರ ದನಿ ಉಳಿದಿರುವ ಬಟ್ಟಲುಗಳನ್ನೆಲ್ಲ ಮನೆಯ ಹೆಂಗಸು ಅದೇ ದಿನ ತೊಳೆದು ಕವುಚಿಡಬೇಕು. ಸಂತಾಪಕ್ಕೆ ಬಂದವರಿಗೆ ಕಾಫಿ ಕೊಡುವುದು ಅದಾದ ಮೇಲೆಯೇ. ತೊಳೆಯದೆ ಬಿಟ್ಟರೆ ಸತ್ತವರು ಹೋಗಲಾರದೆ ಹೊಸ್ತಿಲಲ್ಲೇ ನಿಂತಿರುತ್ತಾರೆ ಎಂದು ನಮ್ಮವರ ನಂಬಿಕೆ. ನಾನು ನಂಬುತ್ತೇನೋ ಇಲ್ಲವೋ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ತೊಳೆಯುತ್ತಿದ್ದೆ. ಕೈಗೆ ಅಭ್ಯಾಸವಾದದ್ದನ್ನು ತಲೆ ತಡೆಯುವುದಿಲ್ಲ.

ನನ್ನ ಹೆಸರು ನಜ್ಲಾ. ಊರಿನ ಹಳೆಯ ಬಾವಿಯ ಪಕ್ಕದ ಕಾಫಿ ಅಂಗಡಿ ನಮ್ಮ ಅಪ್ಪನದು. ಹೆಂಗಸರು ಎದುರಿಗೆ ಬರುವ ಹಾಗಿರಲಿಲ್ಲ, ಹಿಂದಿನ ಕೋಣೆಯಲ್ಲಿ ಬಟ್ಟಲು ತೊಳೆಯುವುದು ನನ್ನ ಕೆಲಸ. ತಟ್ಟೆ ಒಳಗೆ ಬರಲು ಗೋಡೆಯಲ್ಲೊಂದು ಕಿಂಡಿಯಿತ್ತು. ಅದರಿಂದ ನನಗೆ ಕಾಣಿಸುತ್ತಿದ್ದದ್ದು ಗಿರಾಕಿಗಳ ಕೈ ಮತ್ತು ಮೊಣಕಾಲು. ಕೇಳಿಸುತ್ತಿದ್ದದ್ದು ಎಲ್ಲವೂ. ಕೇಳಿದ್ದನ್ನು ನಾನು ಯಾರಿಗೂ ಹೇಳಿದವಳಲ್ಲ. ಊರಿನವರಿಗೆ ಅದು ಗೊತ್ತಿತ್ತು, ಅದಕ್ಕೇ ನಮ್ಮ ಅಂಗಡಿ ತುಂಬಿರುತ್ತಿತ್ತು.

ಆಗ ಪರದೇಶದವರ ಆಡಳಿತ. ಸಮುದ್ರದಾಚೆಯಿಂದ ಬಂದು, ಎಲ್ಲೋ ಕೂತು, ನಮ್ಮ ಅರಬ್ ಸೀಮೆಯ ಮೇಲೆ ಗೆರೆ ಎಳೆದು ನಾಲ್ಕು ತುಂಡು ಮಾಡಿದ್ದರು. ಒಂದು ಗೆರೆ ನಮ್ಮೂರಿಗೂ ಅಮ್ಮನ ತೌರಿಗೂ ನಡುವೆ ಬಿತ್ತು. ಕತ್ತೆಯ ಮೇಲೆ ಕೂತರೆ ಎರಡು ತಾಸಿನ ದಾರಿ. ಅಷ್ಟಕ್ಕೆ ಮೂರು ಮುದ್ರೆಯ ಪರವಾನಗಿ ಬೇಕಾಯಿತು. ಗೆರೆ ಬಿದ್ದ ಎರಡನೆಯ ವರ್ಷ ಅಮ್ಮನ ಅಕ್ಕ ಹೋದಳು. ಅವಳಿಗೆ ಮಕ್ಕಳಿಲ್ಲ, ಬಟ್ಟಲು ತೊಳೆಯಲು ಅಮ್ಮನನ್ನು ಬಿಟ್ಟರೆ ಯಾರೂ ಇಲ್ಲ. ಅಮ್ಮ ಅರ್ಜಿ ಹಿಡಿದುಕೊಂಡು ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಅಲ್ಲಿನ ಅಧಿಕಾರಿ, ಸತ್ತವಳನ್ನು ಹೂಳಲು ಅಲ್ಲಿ ಜನರಿದ್ದಾರಲ್ಲ, ಪಾತ್ರೆ ತೊಳೆಯುವುದಕ್ಕೂ ಪರವಾನಗಿ ಕೊಡಬೇಕೇ ಎಂದು ನಕ್ಕನಂತೆ. ಪರವಾನಗಿ ಬಂದದ್ದು ನಲವತ್ತೊಂದನೆಯ ದಿನ. ಅಮ್ಮ ಹೋದಾಗ ಅಕ್ಕನ ಮನೆಯಲ್ಲಿ ಒಂಬತ್ತು ಬಟ್ಟಲು ಹಾಗೇ ಇದ್ದವು. ಒಂದೊಂದರಲ್ಲೂ ಅಕ್ಕ ಒಬ್ಬಳೇ ಕೂತು ತಂಗಿಯನ್ನು ಕರೆದಿದ್ದಳು. ಅಮ್ಮ ಒಂಬತ್ತನ್ನೂ ಕೇಳಿ, ತೊಳೆದು, ಕವುಚಿಟ್ಟು ಬಂದಳು. ಆ ಮೇಲೆ ಅವಳು ಕಾಫಿ ಕುಡಿಯಲಿಲ್ಲ.

ನನ್ನ ಅಣ್ಣ ವದೀ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ. ದಪ್ಪ ಕನ್ನಡಕ, ಅದಿಲ್ಲದಿದ್ದರೆ ಎದುರಿಗಿದ್ದವರ ಮುಖವೂ ಕಾಣದು. ಯಾರ ತಂಟೆಗೂ ಹೋಗದ ಮನುಷ್ಯ. ಅಮ್ಮ ಹಿಂತಿರುಗಿದ ಮಾರನೆಯ ವಾರ ಶಾಲೆಗೆ ಇನ್‌ಸ್ಪೆಕ್ಟರ್ ಬಂದ. ನಕ್ಷೆಯ ನಾಲ್ಕು ತುಂಡಿಗೂ ನಾಲ್ಕು ಬಣ್ಣ ತುಂಬಿಸಬೇಕೆಂಬುದು ಮೇಲಿನವರ ಆಜ್ಞೆ. ಅಣ್ಣ ಇಡೀ ತರಗತಿಯಿಂದ ಒಂದೇ ಬಣ್ಣ ಹಾಕಿಸಿದ್ದ, ಹಸಿರು. ಇನ್‌ಸ್ಪೆಕ್ಟರ್ ಕಾರಣ ಕೇಳಿದ್ದಕ್ಕೆ, ಇಲ್ಲಿ ಎಲ್ಲಿ ನಿಂತು ಕರೆದರೂ ಜನ ಅದೇ ಭಾಷೆಯಲ್ಲಿ ಓಗೊಡುತ್ತಾರೆ ಸ್ವಾಮಿ, ನನಗೆ ಎರಡನೆಯ ಬಣ್ಣ ಸಿಗಲಿಲ್ಲ ಎಂದನಂತೆ. ಸಂಜೆಯೊಳಗೆ ಕೆಲಸ ಹೋಯಿತು. ಆವತ್ತಿನಿಂದ ಅಣ್ಣ ನಮ್ಮ ಅಂಗಡಿಯ ಮೂಲೆಯ ಮೇಜಿನಲ್ಲಿ ಕೂರತೊಡಗಿದ. ಒಬ್ಬೊಬ್ಬರಾಗಿ ಜನ ಬಂದು ಸೇರಿದರು.

ಈಗ ನಾಡನ್ನಾಳುವ ಪಕ್ಷ ಹುಟ್ಟಿದ್ದು ಹೀಗೆ. ವಿದೇಶದ ವಿಶ್ವವಿದ್ಯಾಲಯದಲ್ಲಿ ಅಲ್ಲ, ಯಾವನೋ ಮಹಾಪುರುಷನ ಚರ್ಮದ ಹೊದಿಕೆಯ ಡೈರಿಯಲ್ಲಿ ಅಲ್ಲ. ಒಬ್ಬ ಹೆಂಗಸು ತನ್ನ ಅಕ್ಕನ ಬಟ್ಟಲು ತೊಳೆಯಲು ನಲವತ್ತೊಂದು ದಿನ ಕಾದಳು, ಆ ಸಂಕಟದಲ್ಲಿ ಹುಟ್ಟಿತು. ಚಳಿಗಾಲದ ಒಂದು ಶುಕ್ರವಾರ, ಪ್ರಾರ್ಥನೆ ಮುಗಿದ ಮೇಲೆ, ಎಂಟು ಜನ ಆ ಮೇಜಿನ ಸುತ್ತ ಕೂತರು. ಅಪ್ಪ ಒಂದೇ ಬಟ್ಟಲಿಗೆ ಕಾಫಿ ಬಗ್ಗಿಸಿ ನಡುವೆ ಇಟ್ಟ. ಅಂಚಿನಲ್ಲಿ ನೀಲಿ ಗೆರೆಯಿದ್ದ ಬಟ್ಟಲು. ನಾನು ಕಿಂಡಿಯ ಹಿಂದೆ ಕೈ ಒರೆಸಿಕೊಂಡು ನಿಂತಿದ್ದೆ.

ಮೊದಲು ಬಟ್ಟಲು ಎತ್ತಿದವನು ಅಣ್ಣ. ಅವನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಸತ್ತವರ ಬಟ್ಟಲು ತೊಳೆಯೋಕೆ ಯಾರ ಅಪ್ಪಣೆನೂ ಬೇಕಾಗದಂಥ ನಾಡು ಬೇಕು ನಮಗೆ. ಅದಕ್ಕೇ ಈ ಪಕ್ಷ. ಗೆರೆ ಅಳಿಸೋಕೆ ಹೊರಟವರು ನಾವು, ನಮ್ಮವರ ನಡುವೆ ಗೆರೆ ಎಳೀಬಾರದು. ಮುಂದಾಳಿನ ಕುರ್ಚಿ ಯಾರಪ್ಪನದೂ ಅಲ್ಲ. ಅದರಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಯಾರೂ ಕೂರಬಾರದು." ಇಷ್ಟೇ. ಅರಬ್ ಉದಯ ಎಂದು ಹೆಸರಿಟ್ಟವನೂ ಅವನೇ. ಒಬ್ಬೊಬ್ಬರೂ ಗುಟುಕು ಕುಡಿದು ಒಪ್ಪಿಕೊಂಡರು. ಮೂರನೆಯವನು ಬಡಗಿ ಮುನೀರ್, ಅಣ್ಣನ ಬಾಲ್ಯದ ಗೆಳೆಯ. ನಮ್ಮ ಮನೆಯ ಅನ್ನ ಉಂಡು ಬೆಳೆದವನು, ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದವನು. ಆವತ್ತು ಅವನು ಅಳುತ್ತಲೇ, ವದೀ ಎಲ್ಲಿ ನಿಲ್ಲುತ್ತಾನೋ ನಾನೂ ಅಲ್ಲಿ ಎಂದ. ಅವನಿಗೆ ಅಳು ಬೇಗ ಬರುತ್ತಿತ್ತು. ಇದನ್ನು ನೆನಪಿಡಬೇಕು.

ಏಳನೆಯವನು ನಾಜಿಮ್. ಜಮೀನ್ದಾರನ ಮಗ, ಆಗತಾನೇ ವಿದೇಶದಲ್ಲಿ ಓದು ಮುಗಿಸಿ ಬಂದಿದ್ದ. ನುಣುಪಾದ ಬೆರಳು, ಇಸ್ತ್ರಿ ಮಾಡಿದ ತೋಳು. ಬಟ್ಟಲು ಅವನ ಕೈಗೆ ಬಂದಾಗ ಅದನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿ ಗುಟುಕು ಕುಡಿದ. ಆಮೇಲೆ ಹೇಳಿದ: "ವದೀ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದ್ರೆ ನನ್ನ ಹೆಸರು ಎಲ್ಲೂ ಬರೀಬೇಡಿ. ನಮ್ಮ ತಂದೆಯವರಿಗೆ ಗೊತ್ತಾದ್ರೆ ಕಷ್ಟ." ಯಾರೂ ನಗಲಿಲ್ಲ. ಕಿಂಡಿಯ ಹಿಂದೆ ನಾನೊಬ್ಬಳು ನಕ್ಕೆ. ನಾನು ನಕ್ಕ ಆ ಮಾತನ್ನು ಅಳಿಸಲು ಅವನು ಎಲ್ಲಿಯವರೆಗೆ ಹೋಗುತ್ತಾನೆಂದು ನನಗೆ ಆಗ ಗೊತ್ತಿರಲಿಲ್ಲ.

ಕೊನೆಯ ಗುಟುಕಾದ ಮೇಲೆ ಅಪ್ಪ ಬಟ್ಟಲನ್ನು ತಂದು ನನ್ನ ಕೈಗೆ ಕೊಟ್ಟ. ಚರಟ ಒಣಗಿಸಿ, ಅಮ್ಮನ ಹಳೆಯ ತಲೆವಸ್ತ್ರದಲ್ಲಿ ಸುತ್ತಿ, ಹಿಟ್ಟಿನ ಡಬ್ಬದ ಹಿಂದಿನ ಗೂಡಿನಲ್ಲಿಟ್ಟೆ. ಹನ್ನೊಂದು ವರ್ಷ ಅದನ್ನು ಕಾಯ್ದೆ. ಅಷ್ಟರಲ್ಲಿ ಅಪ್ಪ ಹೋದ, ಅಮ್ಮ ಹೋದಳು, ಲಮ್ಯಾಳನ್ನು ಹೆತ್ತು ಅತ್ತಿಗೆ ಹೋದಳು. ಮೂವರ ಬಟ್ಟಲನ್ನೂ, ಅಮ್ಮನದೆಂದು ಉಳಿದಿದ್ದ ಒಂದೇ ಒಂದು ಹಳೆಯ ಮಾತಿನ ಬಟ್ಟಲನ್ನೂ ಸೇರಿಸಿ, ತೊಳೆದದ್ದು ಇದೇ ಕೈ. ನೀಲಿ ಗೆರೆಯ ಬಟ್ಟಲನ್ನು ಮುಟ್ಟಲಿಲ್ಲ. ಅದಕ್ಕೆ ಬಾಯಿಟ್ಟ ಎಂಟೂ ಜನ ಬದುಕಿದ್ದರು.

ಪರದೇಶದವರು ಹೋದರು. ಹಾಗೆ ಹೋಗುವುದಕ್ಕೆ ಅಣ್ಣ ಎರಡು ಸಲ ಜೈಲಿಗೆ ಹೋಗಿ ಬರಬೇಕಾಯಿತು, ಮುನೀರನ ಒಂದು ಕಿವಿ ಲಾಠಿ ಏಟಿಗೆ ಕೆಟ್ಟಿತು. ನಾಜಿಮ್ ಆಗ ತಂದೆಯ ಹೊಲದ ಮೇಲ್ವಿಚಾರಣೆಯಲ್ಲಿದ್ದ. ತಂದೆ ಸತ್ತ ಮೇಲೆ ಅವನಿಗೆ ಧೈರ್ಯ ಬಂತು. ಪಕ್ಷಕ್ಕೆ ಬಂದ, ಭಾಷಣ ಮಾಡಿದ. ಚೆನ್ನಾಗಿ ಮಾಡುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಸೈನ್ಯದಲ್ಲಿದ್ದ ತನ್ನ ನೆಂಟರನ್ನೆಲ್ಲ ಸೇರಿಸಿದ. ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಟ್ಯಾಂಕು ನಿಂತಿತ್ತು, ರೇಡಿಯೋದಲ್ಲಿ ನಾಜಿಮನ ದನಿ ಬರುತ್ತಿತ್ತು. ಎರಡು ವರ್ಷದ ಕುರ್ಚಿ ಮೂರನೆಯ ವರ್ಷಕ್ಕೆ ಬಂತು. ಆ ವರ್ಷದ ಶಾಲಾ ಪುಸ್ತಕದಲ್ಲಿ ಹೊಸ ಪಾಠ ಸೇರಿತು: ನಾಯಕ ನಾಜಿಮ್ ವಿದೇಶದಲ್ಲಿ ಓದುತ್ತಿದ್ದಾಗ ಪಕ್ಷದ ಕನಸು ಕಂಡರು, ಡೈರಿಯಲ್ಲಿ ಬರೆದರು, ಬಂದು ಸ್ಥಾಪಿಸಿದರು. ಅಣ್ಣನ ಹೆಸರು ಅದರಲ್ಲಿ ಅಡಿಟಿಪ್ಪಣಿಯಾಗಿಯೂ ಇರಲಿಲ್ಲ. ಗೆರೆಯಂತೂ ಹಾಗೇ ಇತ್ತು. ಪರದೇಶದವರು ಅಲ್ಲಿ ಬಿಳಿ ಕಲ್ಲು ನೆಟ್ಟಿದ್ದರು, ನಮ್ಮವರು ಬಂದು ಮುಳ್ಳುತಂತಿ ಹಾಕಿದರು. ಆಚೆ ಕಡೆಯಲ್ಲೂ ನಮ್ಮದೇ ಪಕ್ಷದ ಇನ್ನೊಂದು ಗುಂಪು ಕುರ್ಚಿ ಹಿಡಿದಿತ್ತು. ಎರಡೂ ಗುಂಪಿಗೆ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗದು.

ಅಣ್ಣ ಪತ್ರಿಕೆಗೆ ಒಂದು ಪತ್ರ ಬರೆದ. ನನಗೆ ಸ್ಥಾಪಕನೆಂಬ ಹೆಸರು ಬೇಡ, ಆದರೆ ನಾವು ಎಂಟು ಜನ ಕೊಟ್ಟ ಮಾತು ನೆನಪಿರಲಿ, ಮಾತಿನ ಬಟ್ಟಲು ಭದ್ರವಾಗಿದೆ ಎಂದಷ್ಟೇ ಬರೆದಿದ್ದ. ಕೊನೆಯ ವಾಕ್ಯ ಬರೆಯಬಾರದಿತ್ತು. ಪತ್ರಿಕೆ ಅದನ್ನು ಅಚ್ಚು ಮಾಡಲಿಲ್ಲ, ಪತ್ರ ನೇರ ಮೇಲಕ್ಕೆ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಬಂದು ಅವನನ್ನು ಎಳೆದುಕೊಂಡು ಹೋದರು. ಬಟ್ಟಲಿನಲ್ಲಿ ಅವನ ಕೊನೆಯ ಮಾತು ಉಳಿಯಿತು: ಸಕ್ಕರೆ ಜಾಸ್ತಿಯಾಯ್ತು ನಜ್ಲಾ. ಆ ಬಟ್ಟಲನ್ನೂ ನಾನು ತೊಳೆಯದೆ ಇಟ್ಟುಕೊಂಡೆ.

ಅವನ ಮೇಲೆ ಹೊರಿಸಿದ ಆರೋಪ ಇದು: ಈತ ಪಕ್ಷದ ಸದಸ್ಯನೇ ಆಗಿರಲಿಲ್ಲ, ಪರದೇಶದವರ ಏಜೆಂಟ್, ಸ್ಥಾಪಕನೆಂದು ಸುಳ್ಳು ಹಬ್ಬಿಸಿ ಒಡಕು ತರುತ್ತಿದ್ದಾನೆ. ಸಾಬೀತಾದರೆ ಶಿಕ್ಷೆ ಜೀವಾವಧಿ. ನಮ್ಮ ವಕೀಲ ಝುಹೈರ್ ಮುದುಕರು, ಆದರೆ ಕಾನೂನು ಬಲ್ಲವರು. ಎಂಟರಲ್ಲಿ ಉಳಿದವರು ಸಾಕ್ಷಿ ಹೇಳಲು ಹೆದರಿದ್ದರಿಂದ, ಮಾತಿನ ಬಟ್ಟಲನ್ನು ಸಾಕ್ಷಿಯಾಗಿ ಕೇಳಲೇಬೇಕೆಂದು ಹಟ ಹಿಡಿದರು. ಆ ಕಾನೂನನ್ನು ತೆಗೆದುಹಾಕಲು ಹೊಸಬರಿಗೆ ಇನ್ನೂ ಸಮಯ ಸಿಕ್ಕಿರಲಿಲ್ಲ. ನ್ಯಾಯಾಧೀಶರು ಬೇರೆ ದಾರಿಯಿಲ್ಲದೆ ಸೋಮವಾರ ಬಟ್ಟಲು ತರಬೇಕೆಂದು ನನಗೆ ಆಜ್ಞೆ ಕಳಿಸಿದರು. ಎಂಟು ದನಿ, ಮೊದಲನೆಯದು ಅಣ್ಣನದು, ಏಳನೆಯದು ತನ್ನ ತಂದೆಗೆ ಹೆದರಿದ ನಾಯಕನದು. ಊರೆಲ್ಲ ಸೋಮವಾರಕ್ಕೆ ಕಾಯುತ್ತಿತ್ತು. ಮನೆಗೆ ನುಗ್ಗಿ ಬಟ್ಟಲು ಕಿತ್ತುಕೊಂಡಿದ್ದರೆ ಜನ ಸುಮ್ಮನಿರುತ್ತಿರಲಿಲ್ಲ. ಮಾತಿನ ಬಟ್ಟಲಿಗೆ ಕೈ ಹಾಕಿದವನ ಮನೆಗೆ ನಮ್ಮೂರಿನಲ್ಲಿ ಯಾರೂ ಕಾಲಿಡುವುದಿಲ್ಲ, ಅವನು ನಾಯಕನಾದರೂ ಸರಿ. ಇದು ಅವರಿಗೆ ಗೊತ್ತಿತ್ತು. ಅವರೂ ಈ ಊರಿನವರೇ ತಾನೆ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮುನೀರ್ ಬಂದ. ಕೈಯಲ್ಲಿ ಒಂದು ಗಂಟು. ಹೊಸ್ತಿಲಲ್ಲೇ ಕುಸಿದು ಕೂತ. ಗಂಟಿನಲ್ಲಿ ಅಣ್ಣನ ಕೋಟು ಮತ್ತು ಕನ್ನಡಕ ಇದ್ದವು. ಕನ್ನಡಕವಿಲ್ಲದೆ ಅಣ್ಣ ಎರಡು ಹೆಜ್ಜೆ ಇಡಲಾರ. ಅದನ್ನು ಕಂಡ ಮೇಲೆ ನನಗೆ ಬೇರೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ.

"ಜ್ವರ ಬಂದಿತ್ತಂತೆ ತಂಗಿ. ನಿನ್ನೆ ಸಂಜೆ ಹೋದನಂತೆ. ಹರಡೋ ಜ್ವರ ಅಂತ ಅಲ್ಲೇ ಮಣ್ಣು ಮಾಡಿಬಿಟ್ರು," ಎಂದ ಮುನೀರ್. ಅಳುತ್ತಿದ್ದ. ಆ ಕಣ್ಣೀರು ಸುಳ್ಳೆಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ನನ್ನ ಹೊಟ್ಟೆ ಹೆಚ್ಚು ಉರಿಯುವುದು ಅದಕ್ಕೇ. ಎದ್ದು ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತು, ನನ್ನ ಮುಖ ನೋಡದೆ, "ಜನ ಬರೋಕೆ ಶುರು ಮಾಡ್ತಾರೆ. ಬಟ್ಟಲು ತೊಳೀಬೇಕಲ್ಲ ತಂಗಿ," ಎಂದ.

ನಾನು ಯೋಚಿಸಲಿಲ್ಲ ಎಂದು ಯಾರೂ ಹೇಳಬಾರದು. ಐದು ವರ್ಷದ ಲಮ್ಯಾಳನ್ನು ಪಕ್ಕದ ಮನೆಗೆ ಕಳಿಸಿ, ಗೂಡಿನಿಂದ ನೀಲಿ ಗೆರೆಯ ಬಟ್ಟಲು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತೆ. ಸತ್ತವನ ಮೇಲೆ ಇನ್ನು ಯಾವ ಮೊಕದ್ದಮೆ, ಸೋಮವಾರ ಯಾರನ್ನು ಬಿಡಿಸುವುದಕ್ಕೆ ಹೋಗಬೇಕು ಎಂದುಕೊಂಡೆ. ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ ಅಮ್ಮನ ನೆನಪಾಯಿತು. ಅಮ್ಮ ನಲವತ್ತೊಂದು ದಿನ ಒದ್ದಾಡಿದ್ದು ಈ ಒಂದು ಕೆಲಸಕ್ಕೆ, ಅಣ್ಣ ಪಕ್ಷ ಕಟ್ಟಿದ್ದು ಈ ಒಂದು ಕೆಲಸಕ್ಕೆ, ನನಗೆ ಯಾರ ಅಪ್ಪಣೆಯೂ ಬೇಕಾಗಿಲ್ಲದಿರುವಾಗ ನಾನೇ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿಬಿಡಲೇ? ಬಟ್ಟಲನ್ನು ಕಿವಿಗಿಟ್ಟು ಕೊನೆಯ ಸಲ ಎಂಟೂ ದನಿ ಕೇಳಿದೆ. ಆಮೇಲೆ ನೀರಿಗೆ ಹಾಕಿದೆ. ಹನ್ನೊಂದು ವರ್ಷದ ಚರಟ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಬೂದಿ ಹಾಕಿ ಉಜ್ಜಿದರೂ ಬಿಡಲಿಲ್ಲ. ಉಗುರಿನಲ್ಲಿ ಕೆರೆದು ಕೆರೆದು ತೆಗೆದೆ. ಸಕ್ಕರೆ ಜಾಸ್ತಿಯಾಯ್ತು ಎಂದ ಬಟ್ಟಲನ್ನೂ ತೊಳೆದೆ. ಕಪಾಟಿನಲ್ಲಿ ಅವನು ಬಾಯಿಟ್ಟ ಇನ್ನೂ ಎರಡು ಸಿಕ್ಕವು, ಅವನ್ನೂ ತೊಳೆದೆ. ನಾಲ್ಕನ್ನೂ ಸಾಲಾಗಿ ಕವುಚಿಟ್ಟೆ. ಬಂದವರಿಗೆಲ್ಲ ಕಾಫಿ ಕೊಟ್ಟೆ. ಎಲ್ಲರೂ ಎಷ್ಟು ಬೇಗ ಮಾಡಿದೆಯಮ್ಮ, ಪುಣ್ಯವಂತೆ ಎಂದರು.

ಸೋಮವಾರ ನಾನು ಕಪ್ಪು ಬಟ್ಟೆ ಉಟ್ಟು ನ್ಯಾಯಾಲಯಕ್ಕೆ ಹೋದೆ. ಸಾವಿನ ಸುದ್ದಿ ತಿಳಿಸಿ ಮೊಕದ್ದಮೆ ಮುಚ್ಚಿಸುವುದಷ್ಟೇ ಉಳಿದಿರುವುದು ಎಂದುಕೊಂಡಿದ್ದೆ. ಆಜ್ಞೆಯಲ್ಲಿ ಬಟ್ಟಲು ತರಬೇಕು ಎಂದಿತ್ತು, ಹಾಗಾಗಿ ಅದನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ವಕೀಲರು ಅಷ್ಟರಲ್ಲಿ ಬಂದು, ಸುದ್ದಿ ನನಗೂ ಬಂತಮ್ಮ, ಆದರೆ ಕಚೇರಿಯಲ್ಲಿ ಸಾವಿನ ಕಾಗದ ಸಿಗುತ್ತಿಲ್ಲ ಎಂದು ಪಿಸುಗುಟ್ಟಿದರು. ಅವರು ಮಾತು ಮುಗಿಸಲಿಲ್ಲ, ಪಕ್ಕದ ಬಾಗಿಲು ತೆರೆಯಿತು. ಇಬ್ಬರು ಪೊಲೀಸರ ನಡುವೆ ಅಣ್ಣ ಬಂದ.

ಕೋಟಿಲ್ಲ. ಕನ್ನಡಕವಿಲ್ಲ. ಬೆಳಕಿಗೆ ಕಣ್ಣು ಕಿರಿದು ಮಾಡಿ, ಗೋಡೆ ತಡವುತ್ತಾ ನಡೆಯುತ್ತಿದ್ದ. ಬದುಕಿದ್ದ. ನನ್ನ ಅಣ್ಣ ಬದುಕಿದ್ದ, ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಸಂತೋಷಪಡುವ ಆ ಒಂದು ಕ್ಷಣವನ್ನೂ ಅವರು ನನಗೆ ಬಿಡಲಿಲ್ಲ. ನನ್ನ ಕೈ ಚೀಲದೊಳಗಿನ ಬಟ್ಟಲಿನ ಮೇಲಿತ್ತು, ಅದು ನುಣ್ಣಗಿತ್ತು.

ನ್ಯಾಯಾಧೀಶರು ಬಟ್ಟಲು ಕೇಳಿದರು. ಕೊಟ್ಟೆ. ಕಿವಿಗಿಟ್ಟುಕೊಂಡರು, ಇನ್ನೊಂದು ಕಿವಿಗೂ ಇಟ್ಟುಕೊಂಡರು. ಸರ್ಕಾರಿ ವಕೀಲನಿಗೆ ದಾಟಿಸಿದರು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಚೆನ್ನಾಗಿ ತೊಳೆದಿದ್ದಾರೆ ಸ್ವಾಮಿ, ಆರೋಪಿಯ ತಂಗಿಗೇ ಇದರಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಕಾಣಲಿಲ್ಲವೆಂದು ತೋರುತ್ತದೆ ಎಂದ. ಜನ ಗುಜುಗುಜು ಎಂದರು. ನಾನು ಹಿಂದಿರುಗಿ ನೋಡಿದೆ. ಎರಡನೆಯ ಸಾಲಿನಲ್ಲಿ ಮುನೀರ್ ಕೂತಿದ್ದ, ತಲೆ ತಗ್ಗಿಸಿ ತನ್ನ ಬಡಗಿಯ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಅಣ್ಣನಿಗೆ ಏನೂ ಕಾಣುತ್ತಿರಲಿಲ್ಲ. ದನಿ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದ. "ನಜ್ಲಾ, ಇದ್ದೀಯಾ? ಏನಾಯ್ತು?" ಎಂದ.

"ನೀನು ಸತ್ತೆ ಅಂದ್ರು ಅಣ್ಣ. ಕನ್ನಡಕ ತಂದುಕೊಟ್ರು. ನಾನು ತೊಳೆದುಬಿಟ್ಟೆ."

ಕನ್ನಡಕವಿರಬೇಕಾದ ಜಾಗವನ್ನು ಅವನು ಬೆರಳಿನಿಂದ ಒಮ್ಮೆ ಮುಟ್ಟಿಕೊಂಡ. ಅರ್ಥವಾಗಲು ಅಷ್ಟು ಹೊತ್ತು ಸಾಕು, ಜಾಣ ಅವನು. ಆಮೇಲೆ ತರಗತಿಯಲ್ಲಿ ದಡ್ಡ ಹುಡುಗಿಗೆ ಹೇಳುವ ಮೆದುದನಿಯಲ್ಲಿ ಹೇಳಿದ: "ಹಾಗಿದ್ರೆ ನೀನು ಮಾಡಿದ್ದು ಸರಿಯಾಗೇ ಇದೆ."

ಸರಿಯಂತೆ. ಅವನು ಬೈಯಬೇಕಿತ್ತು. ಎಲ್ಲರ ಎದುರಿಗೆ ನನಗೆ ಉಗಿಯಬೇಕಿತ್ತು. ಎರಡು ದಿನ ತಡೆಯಲಾಗಲಿಲ್ಲವೇ ನಿನಗೆ ಎಂದು ಕೂಗಿದ್ದರೆ ನಾನೂ ಕೂಗಿ, ಅತ್ತು, ಹಗುರಾಗುತ್ತಿದ್ದೆ. ಆ ಒಂದು ಮಾತಿಗೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ. ನಾಜಿಮನಿಗೆ ನಮ್ಮ ಮನೆಯ ಬಾಗಿಲು ಒಡೆಯುವ ಅಗತ್ಯ ಬೀಳಲಿಲ್ಲ, ಒಬ್ಬ ಸೈನಿಕನನ್ನು ಕಳಿಸುವ ಅಗತ್ಯ ಬೀಳಲಿಲ್ಲ. ನಮ್ಮ ಒಳ್ಳೆಯತನವನ್ನೇ ಹಿಡಿದು ನಮ್ಮ ಕತ್ತು ಹಿಸುಕಿದ. ಪರದೇಶದವರಿಗೆ ಇದು ಬರುತ್ತಿರಲಿಲ್ಲ. ನಮ್ಮ ಬಟ್ಟಲುಗಳನ್ನು ಕಂಡು ಅವರು ನಗುತ್ತಿದ್ದರು. ಇವನಿಗೆ ಅವುಗಳ ಬೆಲೆ ಗೊತ್ತಿತ್ತು.

ಜೀವಾವಧಿ ಆಯಿತು. ಅಣ್ಣನನ್ನು ಮರಳುಗಾಡಿನ ಜೈಲಿಗೆ ಕಳಿಸಿದರು. ಕನ್ನಡಕ ತಲುಪಿಸಲು ನಾನು ಏಳು ಸಲ ಹೋದೆ, ಏಳು ಸಲವೂ ಹೊರಗಿನ ಗೇಟಿನಿಂದಲೇ ಹಿಂದಕ್ಕೆ ಕಳಿಸಿದರು. ಅದೇ ವರ್ಷ ಹೊಸ ಕಾನೂನು ಬಂತು: ಅಂಗಡಿಗಳಲ್ಲಿ ಕಾಫಿಯನ್ನು ಗಾಜಿನ ಲೋಟದಲ್ಲೇ ಕೊಡಬೇಕು, ಶುಚಿತ್ವದ ದೃಷ್ಟಿಯಿಂದ. ಗಾಜಿನಲ್ಲಿ ಮಾತು ನಿಲ್ಲುವುದಿಲ್ಲ. ಮನೆಮನೆಯ ಪಿಂಗಾಣಿಯನ್ನು ಗಾಡಿಯಲ್ಲಿ ತುಂಬಿ ಒಯ್ದರು, ನಮ್ಮ ಅಂಗಡಿಗೆ ಬೀಗ ಹಾಕಿದರು. ನಾನು ಹಿಟ್ಟಿನ ಡಬ್ಬದೊಳಗೆ ಒಂದನ್ನು ಹೂತಿಟ್ಟೆ, ನೀಲಿ ಗೆರೆಯದನ್ನು. ಊರಿನ ಜನ ಈಗ ಗಾಜಿನ ಲೋಟದಲ್ಲಿ ಕುಡಿಯುತ್ತಾ ಏನು ಬೇಕಾದರೂ ಮಾತಾಡಬಹುದು, ಎಲ್ಲೂ ಉಳಿಯುವುದಿಲ್ಲ. ಆದರೆ ಯಾರೂ ಮಾತಾಡುವುದಿಲ್ಲ. ಸುರ್ ಎಂದು ಕುಡಿದು ಎದ್ದು ಹೋಗುತ್ತಾರೆ.

ನಾಲ್ಕು ವರ್ಷದ ಮೇಲೆ ಮುದ್ರೆ ಒತ್ತಿದ ಒಂದು ಕಾಗದ ಬಂತು. ಕೈದಿ ವದೀ ಹೃದಯ ನಿಂತು ಮೃತನಾದ ಎಂದಿತ್ತು. ನಾನು ಅಳಲಿಲ್ಲ, ಕಪ್ಪು ಉಡಲಿಲ್ಲ, ನೀರು ಮುಟ್ಟಲಿಲ್ಲ. ತೊಳೆಯಲು ಅವನ ದನಿಯಿದ್ದ ಒಂದು ಬಟ್ಟಲೂ ಮನೆಯಲ್ಲಿರಲಿಲ್ಲ, ಆ ಮಾತು ಬೇರೆ. ನೆರೆಯವರು ಬಂದು ಗಾಜಿನ ಲೋಟಗಳನ್ನಾದರೂ ತೊಳೆದು ಕವುಚು, ಶಾಸ್ತ್ರಕ್ಕೆ ಎಂದರು. ಕಲ್ಲೆದೆಯವಳು ಎಂದು ಬೈದುಕೊಂಡು ಹೋದರು. ಅಣ್ಣ ಸತ್ತಿರಬಹುದು, ಇಲ್ಲದಿರಬಹುದು. ಒಬ್ಬ ಮನುಷ್ಯ ಸತ್ತ ಎಂದು ನಂಬುವ ದಾರಿಯನ್ನೂ ಅವರು ನನ್ನಿಂದ ಕಸಿದುಕೊಂಡರು. ಹತ್ತು ವರ್ಷದಿಂದ ನಮ್ಮ ಹೊಸ್ತಿಲು ದಾಟುವಾಗ ನಾನು ಸ್ವಲ್ಪ ಪಕ್ಕಕ್ಕೆ ಸರಿದು ದಾಟುತ್ತೇನೆ.

ಮೊನ್ನೆ ಮುನೀರ್ ಮತ್ತೆ ಬಂದಿದ್ದ. ಈಗ ಅವನು ಪಕ್ಷದ ವಸ್ತುಸಂಗ್ರಹಾಲಯದ ಅಧ್ಯಕ್ಷ, ಜೊತೆಗೆ ಕಾರು. ನಾಳೆ ಪಕ್ಷಕ್ಕೆ ಇಪ್ಪತ್ತೈದು ತುಂಬುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಸ್ಥಾಪನೆಯ ಬಟ್ಟಲು ಎಂದು ಒಂದನ್ನು ಇಟ್ಟಿದ್ದಾರೆ, ಅದರಲ್ಲಿ ನಾಜಿಮನ ಒಂದೇ ದನಿ ಇದೆಯಂತೆ. ಇಪ್ಪತ್ತೈದು ವರ್ಷದ ಹಿಂದಿನ ಮಾತನ್ನು ಅವನು ಈಗಿನ ಮುದಿ ದನಿಯಲ್ಲಿ ಹೇಳಿದ್ದಾನೆ, ನಾಚಿಕೆಯೂ ಇಲ್ಲ. ಶಾಲೆಯ ಮಕ್ಕಳು ಸಾಲಾಗಿ ನಿಂತು ಕಿವಿಗೊಡುತ್ತಾರೆ. ಅದು ನಮ್ಮ ಅಂಗಡಿಯ ಬಟ್ಟಲೇ ಎಂದು ನಾನು ರೇಡಿಯೋದ ಮುಂದೆ ಹೇಳಬೇಕು. "ಎರಡೇ ಮಾತು ತಂಗಿ. ಲಮ್ಯಾಗೂ ಒಳ್ಳೇದಾಗುತ್ತೆ," ಎಂದ. ಕಣ್ಣು ತೇವ ಮಾಡಿಕೊಂಡ. ನಾನು ಒಪ್ಪಿದೆ. ಅವನಿಗೆ ಆಶ್ಚರ್ಯವಾಯಿತು. ನನ್ನ ಕೈ ಹಿಡಿಯಲು ಬಂದ, ನಾನು ಹಿಂದಕ್ಕೆ ತೆಗೆದುಕೊಂಡೆ. ಒಪ್ಪಿಗೆಗೆ ಬದಲಾಗಿ ಒಂದೇ ಒಂದು ಕೇಳಿದೆ: ಗೆರೆಯಾಚೆ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಲಮ್ಯಾಳಿಗೆ ಪರವಾನಗಿ. ನಿನ್ನೆಯೇ ಬಂತು, ಮೂರು ಮುದ್ರೆಗಳೊಂದಿಗೆ. ಅಮ್ಮನಿಗೆ ನಲವತ್ತೊಂದು ದಿನ ಬೇಕಾಗಿತ್ತು.

ನಾಳೆ ರೇಡಿಯೋದ ಮುಂದೆ ನಾನು ಎಂಟು ಜನರ ಮಾತನ್ನು ಒಂದಾದ ಮೇಲೆ ಒಂದರಂತೆ ಹೇಳುತ್ತೇನೆ. ಎಷ್ಟರವರೆಗೆ ಹೇಳಲು ಬಿಡುತ್ತಾರೋ ಗೊತ್ತಿಲ್ಲ. ಏಳನೆಯವನವರೆಗೆ ತಲುಪಬೇಕೆಂದು ಆಸೆ. ತಲುಪದಿದ್ದರೆ ಇರಲಿ ಎಂದೇ ಇವತ್ತು ಇಷ್ಟು ಹೊತ್ತು ಕೂತು, ಹಿಟ್ಟಿನ ಡಬ್ಬದಿಂದ ತೆಗೆದ ಈ ನೀಲಿ ಗೆರೆಯ ಬಟ್ಟಲಿನಲ್ಲಿ, ಎಲ್ಲವನ್ನೂ ಹೇಳಿದ್ದೇನೆ.

ಲಮ್ಯಾ, ಇನ್ನು ಮಾತು ನಿನ್ನ ಜೊತೆ. ಚರಟ ಒಣಗಿದ ಮೇಲೆ ಅಜ್ಜಿಯ ತಲೆವಸ್ತ್ರದಲ್ಲಿ ಸುತ್ತಿಕೋ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡು, ನಾನು ರೇಡಿಯೋದಲ್ಲಿ ಬಾಯಿ ತೆರೆಯುವಷ್ಟರಲ್ಲಿ ನೀನು ತಂತಿಯ ಆಚೆ ಇರಬೇಕು. ಇನ್ನೆರಡು ದಿನಕ್ಕೋ ಎರಡು ವಾರಕ್ಕೋ ಯಾರಾದರೂ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಅಳು ಬರುತ್ತಿರುತ್ತದೆ. ಕೈಯಲ್ಲಿ ನನ್ನ ಶಾಲು ಇರುತ್ತದೆ, ಚಪ್ಪಲಿ ಇರುತ್ತದೆ. ಅತ್ತೆ ಹೋದಳು ಮಗಳೇ, ಬಟ್ಟಲು ತೊಳೀಬೇಕಲ್ಲ ಎನ್ನುತ್ತಾರೆ. ಸುದ್ದಿ ಸುಳ್ಳಾಗಿದ್ದರೆ ತೊಳೆಯಬೇಡ. ನಿಜವಾಗಿದ್ದರೂ ತೊಳೆಯಬೇಡ. ನಾನು ಹೊಸ್ತಿಲಲ್ಲಿ ನಿಂತಿರುತ್ತೇನೆ, ನನಗೇನೂ ಬೇಸರವಿಲ್ಲ. ನಿನ್ನ ಅಪ್ಪ ಅಲ್ಲಿ ಒಬ್ಬನೇ ನಿಂತು ಬಹಳ ದಿನವಾಯಿತು.

ಇದು ಕೊನೆಯ ಗುಟುಕು. ಸಕ್ಕರೆ ಜಾಸ್ತಿಯಾಯ್ತು, ಲಮ್ಯಾ.